ಐದು ಇಂಗ್ಲಿಷ್ ಪದ, ಒಂದು ಗಾಣದ ಗೋಡೆ

ನಮ್ಮೂರಲ್ಲಿ ಯಾರ ಕಣ್ಣಿಗೂ ಮೂವತ್ತು ಹೆಜ್ಜೆಯ ಆಚೆ ಏನೂ ಕಾಣುವುದಿಲ್ಲ. ಮೂವತ್ತು ಹೆಜ್ಜೆಯವರೆಗೆ ಎಲ್ಲ ನಿಚ್ಚಳ, ಅಲ್ಲಿಂದಾಚೆ ಅನ್ನದ ಗಂಜಿಯ ಹಾಗೆ ಬೆಳ್ಳಗೆ. ಹೊರಗಿನಿಂದ ಬಂದವರಿಗೂ ಅಷ್ಟೆ. ಕಣಿವೆ ದಾಟಿ ಬಸ್ಸಿಳಿದವರು ಮೊದಲ ದಿನ ಕಣ್ಣುಜ್ಜಿಕೊಳ್ಳುತ್ತಾರೆ, ಮೂರನೇ ದಿನಕ್ಕೆ ನಮ್ಮ ಹಾಗೇ ಬೀದಿ ತಿರುವಿನಲ್ಲಿ ಒಮ್ಮೆ ಕೆಮ್ಮಿ ಮುಂದೆ ಹೋಗುವುದನ್ನು ಕಲಿಯುತ್ತಾರೆ. ನಮ್ಮ ಹುಡುಗರು ಕ್ರಿಕೆಟ್ ಆಡುತ್ತಾರೆ. ಬೌಲರಿಗೆ ಬ್ಯಾಟು ಹಿಡಿದವನು ಕಾಣುತ್ತಾನೆ, ಬೌಂಡರಿಯಲ್ಲಿ ನಿಂತವನು ಚೆಂಡಿನ ಸದ್ದು ಕೇಳಿ ಓಡುತ್ತಾನೆ. ಮದುವೆ ಮನೆಯಲ್ಲಿ ಹಿಂದಿನ ಸಾಲಿನವರು ವಾದ್ಯ ಜೋರಾದ ಕೂಡಲೇ ಅಕ್ಷತೆ ಎಸೆಯುತ್ತಾರೆ, ಅದು ಬಿದ್ದದ್ದು ಯಾರ ತಲೆಯ ಮೇಲೆ ಎಂದು ಯಾರೂ ವಿಚಾರಿಸುವುದಿಲ್ಲ. ಹೀಗೇ ಹುಟ್ಟಿ ಹೀಗೇ ಬೆಳೆದವರು ನಾವು. ಇದರಿಂದ ತೊಂದರೆಯಿದೆ ಎಂದು ನಮಗೆ ಅನ್ನಿಸಿದ್ದೇ ಕಡಿಮೆ.

ನಾನು ಪಂಪಣ್ಣ. ಇಲ್ಲಿನ ಪ್ರೌಢಶಾಲೆಯಲ್ಲಿ ಇಪ್ಪತ್ತಾರು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಮಡಕೆ, ದಾಸವಾಳ, ಮೇಜಿನ ಮೇಲಿಟ್ಟ ಸೀಬೆಹಣ್ಣು, ಇಷ್ಟನ್ನು ಬರೆಸಿಯೇ ಸಂಬಳ ತೆಗೆದುಕೊಂಡೆ. ಆದರೆ ಹೇಳಹೊರಟದ್ದು ನಮ್ಮ ಶಾಲೆಯ ಇಂಗ್ಲಿಷ್ ಟೀಚರ್ ಪಂಕಜಾಕ್ಷಿಯವರ ಕಥೆ. ಅದರಲ್ಲಿ ಅರ್ಧ ನಾನು ಪಕ್ಕದಲ್ಲೇ ನಿಂತು ನೋಡಿದ್ದು, ಇನ್ನರ್ಧ ಅವರೇ ಆಮೇಲೆ ನನಗೆ ಹೇಳಿದ್ದು.

ಹತ್ತನೇ ತರಗತಿಯ ಪ್ರಶ್ನೆಪತ್ರಿಕೆ ಹೊರಗಿನಿಂದ ಬರುತ್ತದೆ. ಅದನ್ನು ತಯಾರಿಸುವ ಪುಣ್ಯಾತ್ಮರು ಯಾರೂ ನಮ್ಮೂರಿಗೆ ಕಾಲಿಟ್ಟವರಲ್ಲ. ಇಂಗ್ಲಿಷ್ ಪತ್ರಿಕೆಯ ಕೊನೆಯ ಪ್ರಶ್ನೆ ವರ್ಷ ವರ್ಷವೂ ಒಂದೇ ಜಾತಿಯದು. ಎತ್ತರದ ಜಾಗದಿಂದ ಕಾಣುವ ನೋಟವನ್ನು ಈ ಐದು ಗುಣವಾಚಕಗಳನ್ನು ಬಳಸಿ ವರ್ಣಿಸಿ: ಎಕ್ಸ್‌ಟೆನ್ಸಿವ್, ಸ್ವೀಪಿಂಗ್, ಪ್ಯಾನರಾಮಿಕ್, ಕಾಂಪ್ರಹೆನ್ಸಿವ್, ಆಲ್ ಎನ್‌ಕಂಪಾಸಿಂಗ್. ಹದಿನೈದು ಅಂಕ. ನಮ್ಮ ಮಕ್ಕಳಲ್ಲಿ ಅರ್ಧಕ್ಕರ್ಧ ಆ ಜಾಗವನ್ನು ಖಾಲಿ ಬಿಟ್ಟು ಎದ್ದುಬರುತ್ತಿದ್ದರು. ಉಳಿದವರು ಗೈಡಿನಲ್ಲಿದ್ದದ್ದನ್ನು ಬಾಯಿಪಾಠ ಮಾಡುತ್ತಿದ್ದರು. ಒಂದು ವರ್ಷ ಗೈಡಿನಲ್ಲಿ ಸಮುದ್ರದ ನೋಟವಿತ್ತು, ಪ್ರಶ್ನೆ ಬೆಟ್ಟದ ಮೇಲಿನದು ಬಂತು. ನಮ್ಮ ಹನ್ನೊಂದು ಮಕ್ಕಳು ಬೆಟ್ಟದ ಮೇಲೆ ಹಡಗು ನಿಲ್ಲಿಸಿ ಬಂದರು.

ಎರಡು ವರ್ಷ ಸತತವಾಗಿ ಅರ್ಧಕ್ಕಿಂತ ಕಡಿಮೆ ಮಕ್ಕಳು ಪಾಸಾದ ಮೇಲೆ ಮೇಲಿನ ಕಚೇರಿಯಿಂದ ಕಾಗದ ಬಂತು. ಮೂರನೇ ವರ್ಷವೂ ಹೀಗಾದರೆ ಹತ್ತನೇ ತರಗತಿಯನ್ನು ಮುಚ್ಚಿ ಮಕ್ಕಳನ್ನು ಕಣಿವೆಯಾಚೆಯ ಶಾಲೆಗೆ ಸೇರಿಸಲಾಗುವುದು. ನಮ್ಮವರು ಕಣಿವೆ ದಾಟಿದರೆ ಕಣ್ಣು ಒಮ್ಮೆಲೇ ದೂರ ಹೋಗಿ ತಲೆ ತಿರುಗುತ್ತದೆ, ವಾಂತಿಯಾಗುತ್ತದೆ. ಗಂಡುಮಕ್ಕಳು ಹೇಗೋ ಕಣ್ಣಿಗೆ ಟವಲು ಕಟ್ಟಿಕೊಂಡು ಹೋದಾರು. ಹೆಣ್ಣುಮಕ್ಕಳ ಓದು ಅಲ್ಲಿಗೇ ಮುಗಿಯಿತು ಎಂದು ಎಲ್ಲರಿಗೂ ಗೊತ್ತಿತ್ತು. ನೇಕಾರರ ಬೀದಿಯ ದೇವೀರಮ್ಮ ಎಂಬ ಹುಡುಗಿಗೆ ಅವಳ ತಾಯಿ ಆಗಲೇ ಹೇಳಿಯೂ ಆಗಿತ್ತು, "ಮುಂದಿನ ವರ್ಸ ನೀನು ಮಗ್ಗದ ಮುಂದೆ ಕೂತ್ಕತೀಯ."

ಆ ದೇವೀರಮ್ಮನೇ ತರಗತಿಯಲ್ಲಿ ಎದ್ದು ನಿಂತು ಕೇಳಿದ್ದು. "ಟೀಚರ್, ಸ್ವೀಪಿಂಗ್ ಅಂದ್ರೆ ಕಸ ಗುಡಿಸಾದು ಅಲ್ವಾ?"

"ಹೌದಮ್ಮ. ಆದರೆ ಇಲ್ಲಿ ಹಾಗಲ್ಲ. ಕಣ್ಣು ಈ ಕಡೆಯಿಂದ ಆ ಕಡೆಗೆ..."

"ಪೊರಕೆ ಥರ ಹೋಯ್ತದಾ?"

ತರಗತಿಯೆಲ್ಲ ನಕ್ಕಿತು. ಪಂಕಜಾಕ್ಷಿ ಟೀಚರೂ ನಕ್ಕರಂತೆ. ಆದರೆ ಹುಡುಗಿ ಕೂತುಕೊಳ್ಳಲಿಲ್ಲ. "ನೀವು ಹಂಗೆ ನೋಡಿದೀರಾ ಟೀಚರ್?"

ಟೀಚರು ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟರು. "ಇಲ್ಲಮ್ಮ," ಎಂದರು. "ನಾನೂ ನೋಡಿಲ್ಲ. ಬಾಯಿಪಾಠ ಮಾಡಿ ಬರೆದವಳೇ."

ಅವತ್ತು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಅವರು ಡಬ್ಬಿ ತೆರೆಯಲಿಲ್ಲ. "ಹದಿನಾಲ್ಕು ವರ್ಷದಿಂದ ಗೊತ್ತಿಲ್ಲದ್ದನ್ನ ಪಾಠ ಮಾಡ್ತಿದೀನಿ ಮೇಷ್ಟ್ರೇ," ಎಂದರು ನನಗೆ. ನಾನು ಸಮಾಧಾನಕ್ಕೆ ಏನೋ ಅಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಪಂಕಜಾಕ್ಷಿ ಎಂದರೆ ಅಂಥವರೇ. ಕೆಲಸಕ್ಕೆ ಕೈ ಹಾಕಿದರೆ ಮುಗಿಯುವವರೆಗೂ ಹಟ, ಹಾಕದಿದ್ದರೆ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಅವರು ಹೀಗೆ ತಿರುಗಿ ನೋಡದೆ ಬಿಟ್ಟ ಜಾಗವೂ ಒಂದಿತ್ತು, ಗುಡ್ಡದ ಮೇಲಿನ ಆಸ್ಪತ್ರೆ. ಹನ್ನೊಂದು ವರ್ಷದ ಹಿಂದೆ ಅವರ ಅಕ್ಕ ನೀಲಮ್ಮನಿಗೆ ಹೆರಿಗೆ ನೋವು ಬಂದಾಗ, ನೇಕಾರರ ಬೀದಿಯಿಂದ ಗಾಡಿ ಕಟ್ಟಿ ಪೇಟೆಗಿಳಿದು, ಹಳ್ಳದ ಸೇತುವೆ ದಾಟಿ, ಏಳು ತಿರುವಿನ ಗುಡ್ಡದ ರಸ್ತೆ ಹತ್ತಬೇಕಿತ್ತು. ಒಂದೂವರೆ ಗಂಟೆಯ ದಾರಿ. ಸೇತುವೆಯ ಹತ್ತಿರವೇ, ತಂಗಿಯ ತೊಡೆಯ ಮೇಲೆ ತಲೆಯಿಟ್ಟುಕೊಂಡೇ ನೀಲಮ್ಮ ಹೋದಳು. ಮಗುವೂ ಉಳಿಯಲಿಲ್ಲ. ಆಮೇಲೆ ಪಂಕಜಾಕ್ಷಿ ಜ್ವರ ಬಂದರೂ ಮನೆಯಲ್ಲೇ ಕಷಾಯ ಕುಡಿದು ಮಲಗುತ್ತಿದ್ದರು.

ವಾರ ಕಳೆದಿರಬೇಕು. ಒಂದು ಬೆಳಗ್ಗೆ ಪ್ರಾರ್ಥನೆಗೂ ಮುಂಚೆ ನನ್ನನ್ನು ಹುಡುಕಿಕೊಂಡು ಬಂದರು. "ಮೇಷ್ಟ್ರೇ, ನಮ್ಮಪ್ಪ ಮಗ್ಗದ ಮುಂದೆ ಕೂತಾಗ ಅವರಿಗೆ ಕಾಣ್ತಿದ್ದದ್ದು ಒಂದು ಗೇಣು ಸೀರೆ. ನೆಯ್ದದ್ದೆಲ್ಲ ಹಾಗೇ ಸುತ್ತಿಕೊಂಡು ಹೋಗ್ತಿತ್ತು. ಪೂರ್ತಿ ಸೀರೆ ನೋಡ್ತಿದ್ದದ್ದು ಕೊನೆಗೆ ಬಿಡಿಸಿ ಹಾಸಿದಾಗಲೇ. ಊರನ್ನೂ ಹಾಗೆ ಹಾಸಬಹುದಲ್ವಾ?"

"ಊರನ್ನ ಎಲ್ಲಿ ಹಾಸ್ತೀರಿ ಟೀಚರ್?"

"ನಮ್ಮ ಶಾಲೆಯ ಹಾಲಿನಲ್ಲಿ. ಒಂದೊಂದು ಮಗು ತನ್ನ ಮನೆ ಬಾಗಿಲಲ್ಲಿ ನಿಂತು ಸುತ್ತ ಮೂವತ್ತು ಹೆಜ್ಜೆ ಬರೆದು ತರಲಿ. ಆಮೇಲೆ ಮುಂದಿನ ಮೂವತ್ತು. ಎಲ್ಲ ಸೇರಿಸಿ ನೆಲದ ಮೇಲೆ ಅಂಟಿಸೋಣ. ಹಾಲು ಮೂವತ್ತು ಹೆಜ್ಜೆಗಿಂತ ಚಿಕ್ಕದು. ಒಂದೇ ಸಲಕ್ಕೆ ಕಾಣುತ್ತೆ."

ನಾನು ನಕ್ಕೆ. ಈಗ ನೆನೆದರೆ ನಾಚಿಕೆಯಾಗುತ್ತದೆ. "ನಿಮಗೆ ಬೇಕಾಗಿರೋದು ಹದಿನೈದು ಅಂಕ ಟೀಚರ್. ಐದು ವಾಕ್ಯ ಉರು ಹೊಡೆಸಿ, ಸಾಕು."

"ಐದು ವಾಕ್ಯ ಬರೆಯೋಕೆ ಐದು ಪದ ಗೊತ್ತಿರಬೇಕು. ನೀವು ಅಳತೆ ಹಾಕಿಕೊಡ್ತೀರೋ ಇಲ್ವೋ, ಅಷ್ಟು ಹೇಳಿ."

ಹಾಕಿಕೊಟ್ಟೆ. ನೆಲದ ಎರಡು ಹೆಜ್ಜೆಗೆ ಹಾಳೆಯಲ್ಲಿ ಒಂದು ಬೆರಳಗಲ. ಮಕ್ಕಳ ಕಾಲು ಒಂದೊಂದು ಉದ್ದವಾದ್ದರಿಂದ ಮೂವತ್ತು ಗಂಟಿನ ಹಗ್ಗಗಳನ್ನು ಮಾಡಿಸಿದೆ. ದಿನಸಿ ಅಂಗಡಿಯವರು ಕಂದು ಕಾಗದ ಕೊಟ್ಟರು. ಒಂದು ಹಾಳೆಯ ಅಂಚಿನಲ್ಲಿದ್ದದ್ದು, ಬಾವಿಯೋ ಕಂಬವೋ ಜಗಲಿಯೋ, ಪಕ್ಕದ ಹಾಳೆಯಲ್ಲೂ ಇರಲೇಬೇಕು ಎಂದು ನಿಯಮ ಮಾಡಿದೆವು. ದೀಪಾವಳಿ ಕಳೆದ ಮೇಲೆ ನಲವತ್ತೊಂದು ಮಕ್ಕಳು ಹಗ್ಗ ಹಿಡಿದು ಬೀದಿಗಿಳಿದರು. ಊರವರು ಮೊದಲು ಗೇಲಿ ಮಾಡಿದರು. ಆಮೇಲೆ ತಮ್ಮ ಮನೆ ಮುಂದಿನ ತೆಂಗಿನಮರ ಬಿಟ್ಟುಹೋಗಿದೆ ಎಂದು ಶಾಲೆಗೇ ಬಂದು ಜಗಳ ತೆಗೆದರು.

ಹಾಳೆಗಳು ಸೇರಿದ ಹಾಗೆ ಪದಗಳೂ ಒಂದೊಂದಾಗಿ ಬಂದವು. ಕೆರೆ ಏರಿಯ ಹದಿನೆಂಟು ಹಾಳೆಗಳನ್ನು ಸಾಲಾಗಿ ಅಂಟಿಸಿದ ದಿನ, ದಿನವೂ ಅದರ ಮೇಲೆ ನಡೆದು ಬರುವ ಹುಡುಗನೇ ಬಾಯಿ ಬಿಟ್ಟುಕೊಂಡು ನಿಂತ. "ನಮ್ಮ ಏರಿ ಇಷ್ಟುದ್ದ ಐತಾ?" ಟೀಚರು ಗೋಡೆಯ ಮೇಲೆ ಎಕ್ಸ್‌ಟೆನ್ಸಿವ್ ಎಂದು ಬರೆದರು, ಅಷ್ಟೆ. ಇನ್ನೊಂದು ದಿನ ದೇವೀರಮ್ಮ ಬಾಗಿಲ ಬಳಿ ನಿಂತು ಒಂದು ತುದಿಯಿಂದ ಇನ್ನೊಂದು ತುದಿಗೆ ಕಣ್ಣು ಹಾಯಿಸಿ, ಎಲ್ಲ ನೋಡಿದೆ ಅಂದಳು. "ಹಾಗಾದರೆ ಬಾವಿ ಎಷ್ಟಿವೆ?" ಎಂದು ಟೀಚರು ಕೇಳಿದರು. ಅವಳು ಒಂಬತ್ತು ಅಂದಳು, ಇದ್ದದ್ದು ಹದಿನಾಲ್ಕು. "ಪೊರಕೆ ಬೇಗ ಬೇಗ ಆಡಿಸಿದ್ರೆ ಮೂಲೆ ಉಳ್ಕತದೆ ಟೀಚರ್," ಎಂದು ತಾನೇ ನಕ್ಕಳು. ಸ್ವೀಪಿಂಗ್ ಅವಳಿಗೆ ಇನ್ನು ಮರೆಯುವ ಹಾಗಿರಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಇನ್ನೂರ ಅರವತ್ತನಾಲ್ಕು ಹಾಳೆ ಕೂಡಿದ್ದವು. ಎರಡು ಬಾಕಿ. ನಡುವೆ ಹಲ್ಲು ಬಿದ್ದ ಬಾಯಿಯ ಹಾಗೆ ಒಂದು ಖಾಲಿ ಜಾಗ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಆಸ್ಪತ್ರೆಯ ಆವರಣದಲ್ಲೇ ಮನೆಯಿದ್ದ ಕಾಂಪೌಂಡರ್ ಖಾದರ್ ಸಾಹೇಬರ ಮಗಳು ಜುಬೇದಾ ಗುಡ್ಡದ ರಸ್ತೆಯ ಹಾಳೆಗಳನ್ನು ಏಳು ತಿರುವಿನ ಪ್ರಕಾರ ಅಂಟಿಸುತ್ತಾ ಬಂದಳು. ರಸ್ತೆ ಅತ್ತ ಇತ್ತ ಹೊರಳಿ ಹೊರಳಿ ಕೊನೆಗೆ ಆಸ್ಪತ್ರೆಯನ್ನು ತಂದು ಆ ಖಾಲಿ ಜಾಗದ ಮೇಲಂಚಿಗೆ ನಿಲ್ಲಿಸಿತು. ಕೆಳಗಿನ ಅಂಚಿನಲ್ಲಿ ನೇಕಾರರ ಬೀದಿ.

"ತಪ್ಪಾಗೈತೆ ಸಾರ್," ಅಂದಳು ಜುಬೇದಾ. "ನಮ್ಮನೆಯಿಂದ ನೇಕಾರರ ಬೀದಿಗೆ ಒಂದೂವರೆ ಗಂಟೆ. ಇಲ್ಲಿ ಬರೀ ಎರಡು ಹಾಳೆಯಷ್ಟು ಐತೆ."

ನಾನೂ ತಪ್ಪೆಂದೇ ತಿಳಿದು ಮಕ್ಕಳನ್ನು ಕಟ್ಟಿಕೊಂಡು ಏಳೂ ತಿರುವುಗಳನ್ನು ಮೂರು ಸಲ ಅಳೆದೆ. ಮೂರು ಸಲವೂ ಆಸ್ಪತ್ರೆ ಅಲ್ಲೇ ಬಂದು ನಿಂತಿತು. ಹೆಡ್‌ಮಾಸ್ಟರಿಗೆ ಸಾಕಾಗಿತ್ತು. "ಎರಡು ಹಾಳೆ ತಾನೆ ಪಂಕಜಾಕ್ಷಿಯವರೇ? ಬಿಟ್ಟುಬಿಡಿ, ಪರೀಕ್ಷೆ ಹತ್ತಿರ ಬಂತು." "ಕಾಂಪ್ರಹೆನ್ಸಿವ್ ಅಂದ್ರೆ ಏನೂ ಬಿಡದ್ದು ಸಾರ್," ಎಂದರು ಇವರು. "ಎರಡು ಬಿಟ್ಟರೆ ಮಕ್ಕಳಿಗೆ ಆ ಪದ ಹೇಗೆ ಹೇಳಿಕೊಡಲಿ?"

ಖಾಲಿ ಜಾಗ ಗಾಣದ ಪರ್ವತಪ್ಪನವರ ಹಿತ್ತಲು. ಏರಿ ಏರಿ ಹೋಗುವ ನೇಕಾರರ ಬೀದಿಯ ಮೇಲ್ತುದಿಯಲ್ಲಿ ಅವರ ಎಣ್ಣೆ ಗಾಣ, ಅದರ ಹಿಂದೆ ಉದ್ದನೆಯ ಹಿತ್ತಲು. ಗಟ್ಟಿ ಮನುಷ್ಯ, ಮಾತು ಕಡಿಮೆ. ಮಕ್ಕಳು ಹೋದಾಗ ಬೆಲ್ಲ ಕೊಟ್ಟು ಬಾಗಿಲಿಂದಲೇ ಕಳಿಸಿದ್ದರು. ಟೀಚರು ಹೋದಾಗಲೂ ಅದೇ ಮಾತು. "ಗಾಣ ಬರ್ಕಳಿ, ಎತ್ತು ಬರ್ಕಳಿ, ಬೇಕಾದ್ರೆ ನನ್ನೂ ಬರ್ಕಳಿ. ಹಿತ್ತಲು ಬ್ಯಾಡ." ಎರಡನೇ ಸಲವೂ ಅಷ್ಟೇ. ಮೂರನೇ ಸಲ ಟೀಚರು ಜಗಲಿಯ ಮೇಲೆ ಕೂತು, ಹೇಳುವವರೆಗೂ ಏಳುವುದಿಲ್ಲ ಎಂದರು. ಪರ್ವತಪ್ಪ ಗಾಣದ ಎತ್ತು ನಿಲ್ಲಿಸಿದರು. ಸದ್ದು ನಿಂತಿತು. ಅವರು ದನಿ ತಗ್ಗಿಸಿದರು.

"ಯಾರಿಗೂ ಹೇಳಬ್ಯಾಡಿ ಟೀಚರ್. ಹಿತ್ತಲ ಗೋಡೆಯಾಚೆ ಕೂಸು ಅಳ್ತದೆ."

"ಯಾವ ಕೂಸು?"

"ಅದೇ ಗೊತ್ತಿಲ್ಲ. ದಿನಕ್ಕೊಂದು ಕೂಸು. ಒಂದೊಂದು ದಿನ ಎರಡು. ಮೂವತ್ತು ವರ್ಸ ಆಯ್ತು. ನಮ್ಮಪ್ಪ ಕಾಲವಾಗಾಕೆ ಮುಂಚೆ, ಅತ್ತ ಹೋಗಬ್ಯಾಡ, ಅರಿಶಿನ ಕುಂಕುಮ ಇಟ್ಟು ಬಾ ಅಂದಿದ್ದ. ಇಡ್ತಾ ಬಂದಿದೀನಿ. ಮನೇಲಿ ಹೆಣ್ಣುಮಕ್ಕಳಿಗೆ ಹೇಳಿಲ್ಲ. ಗಾಣ ತಿರುಗ್ತಿದ್ರೆ ಸದ್ದು ಮುಚ್ಕತದೆ. ಅದಕ್ಕೇ ನಾನು ಗಾಣ ನಿಲ್ಲಿಸಾದೇ ಇಲ್ಲ."

"ಹೆಂಗಸರು ನರಳೋದು ಕೇಳುತ್ತಾ?"

ಪರ್ವತಪ್ಪ ಬೆಚ್ಚಿದರು. "ನಿಮಗೆ ಹೆಂಗೆ ಗೊತ್ತು?"

ಟೀಚರು ಎದ್ದು ಹಿತ್ತಲಿಗೆ ನಡೆದರು. ಪರ್ವತಪ್ಪ ಬೇಡ ಬೇಡ ಎನ್ನುತ್ತಾ ಹಿಂದೆ ಬಂದರು. ಎರಡಾಳೆತ್ತರದ ಗೋಡೆ, ಅದರ ಬುಡಕ್ಕೆ ಮೂವತ್ತು ವರ್ಷದ ಅರಿಶಿನ ಕಟ್ಟಿ ಕಲ್ಲೇ ಹಳದಿಯಾಗಿತ್ತು. ಟೀಚರು ಗೋಡೆಗೆ ಮುಖ ತಂದು ಮೂಸಿದರು. ಕಡಲೆಕಾಯಿ ಎಣ್ಣೆಯ ಘಮದ ನಡುವೆ ಫಿನಾಯಿಲ್ ವಾಸನೆ. ಅವರಿಗೆ ಜುಬೇದಾಳ ಹಾಳೆ ನೆನಪಾಯಿತು. ಹೆರಿಗೆ ವಾರ್ಡಿನ ಹಿಂದಿನ ಗೋಡೆಯನ್ನು ಬರೆದು ಅದರ ಪಕ್ಕದಲ್ಲಿ ಆ ಹುಡುಗಿ "ಇಲ್ಲಿ ಯಾವಾಗಲೂ ಎಣ್ಣೆ ವಾಸನೆ" ಎಂದು ಬರೆದಿದ್ದಳು. ನಾನು ಅದನ್ನು ಅಳಿಸಲು ಹೇಳಿದ್ದೆ. ಚಿತ್ರದಲ್ಲಿ ವಾಸನೆ ಬರೆಯಬಾರದು ಎಂದಿದ್ದೆ. ಪುಣ್ಯಕ್ಕೆ ಅವಳು ನನ್ನ ಮಾತು ಕೇಳಿರಲಿಲ್ಲ.

ಟೀಚರು ಜುಬೇದಾಳಿಗೆ ಮರುದಿನ ಶಾಲೆಗೆ ಬರಬೇಡ ಎಂದು ಹೇಳಿ, ಸರಿಯಾಗಿ ಹತ್ತು ಗಂಟೆಗೆ ಮನೆಯ ಒನಕೆಯಿಂದ ಆಸ್ಪತ್ರೆಯ ಹಿಂಗೋಡೆಗೆ ಮೂರು ಸಲ ಗುದ್ದಲು ಹೇಳಿದರು. ಇತ್ತ ಹಿತ್ತಲಲ್ಲಿ ಟೀಚರು, ನಾನು, ಉಳಿದ ನಲವತ್ತು ಮಕ್ಕಳು, ಹೆಡ್‌ಮಾಸ್ಟರು, ಪರ್ವತಪ್ಪ, ಅವರ ಮನೆಯ ಹೆಂಗಸರು, ಬೀದಿಯ ಅರ್ಧ ಜನ. ಗಾಣ ನಿಂತಿತ್ತು. ಶಾಲೆಯ ಗಂಟೆ ದೂರದಲ್ಲಿ ಹತ್ತು ಬಾರಿಸಿತು. ಏನೂ ಇಲ್ಲ. ಯಾರೋ ಕೆಮ್ಮಿದರು. ಆಮೇಲೆ ಗೋಡೆಯೊಳಗಿಂದ ಧಬ್ ಎಂದಿತು. ಮತ್ತೆ ಧಬ್. ಮತ್ತೆ ಧಬ್. ಗೋಡೆಯ ಮೇಲಿಂದ ಹುಡುಗಿಯ ದನಿ ತೇಲಿ ಬಂತು, "ಟೀಚರ್, ಕೇಳಿಸ್ತಾ?"

ಮಕ್ಕಳು ಹಾಕಿದ ಕೂಗಿಗೆ ಪರ್ವತಪ್ಪನವರ ಎತ್ತು ಹಗ್ಗ ಕಿತ್ತುಕೊಂಡು ಓಡಿತು. ನಾನು ಪಂಕಜಾಕ್ಷಿ ಟೀಚರನ್ನು ಹುಡುಕಿದೆ. ಅವರು ಅಲ್ಲಿರಲಿಲ್ಲ. ಹೊರಗೆ ಬಂದು ನೋಡಿದರೆ ಬೀದಿಯಲ್ಲಿ ಅವರ ಅಕ್ಕನ ಮನೆಯ ಹೊಸ್ತಿಲಿನಿಂದ ಹಗ್ಗ ಹಿಡಿದು ಅಳೆಯುತ್ತಾ ಬರುತ್ತಿದ್ದರು. ನಾನು ಇನ್ನೊಂದು ತುದಿ ಹಿಡಿದೆ. ಗಾಣ ದಾಟಿ, ಹಿತ್ತಲು ದಾಟಿ, ಗೋಡೆ ಮುಟ್ಟಿದೆವು. ಇನ್ನೂರ ಹನ್ನೆರಡು ಹೆಜ್ಜೆ. ಅವರು ಗಾಣದ ಕಲ್ಲಿನ ಮೇಲೆ ಕೂತು ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತಾ ಹೋದರು, ಸುತ್ತುವುದಕ್ಕೆ ಹಗ್ಗ ಉಳಿಯದಿದ್ದರೂ ಕೈ ನಿಲ್ಲಲಿಲ್ಲ. "ಐದು ನಿಮಿಷವೂ ಬೇಡ ಮೇಷ್ಟ್ರೇ," ಎಂದರು. "ಎತ್ತಿಕೊಂಡು ಓಡಿದ್ದರೆ ಎರಡೇ ನಿಮಿಷ."

ಪರ್ವತಪ್ಪ ಹತ್ತಿರ ಬಂದು ನಿಂತರು. ನೀಲಮ್ಮನ ಗಾಡಿ ತಮ್ಮ ಗಾಣದ ಮುಂದೆಯೇ ಹೊರಟಿದ್ದು ಅವರಿಗೂ ನೆನಪಿತ್ತು. "ಅರಿಶಿನ ಹಚ್ಚಾ ಬದಲು ಬಾಗಿಲು ಇಕ್ಕಬೇಕಾಗಿತ್ತು ಕಣವ್ವ," ಎಂದರು. ಅವರು ಟೀಚರನ್ನು ಅವ್ವ ಎಂದು ಕರೆದದ್ದು ಅದೇ ಮೊದಲು. ಒಳಗೆ ಹೋಗಿ ಹಾರೆ ತಂದರು. ಹೆಡ್‌ಮಾಸ್ಟರು ಅರ್ಜಿ, ಅನುಮತಿ ಎಂದೇನೋ ಶುರು ಮಾಡಿದರು. "ಗೋಡೆ ನಮ್ಮಪ್ಪ ಕಟ್ಟಿದ್ದು ಸೋಮಿ," ಎಂದು ಪರ್ವತಪ್ಪ ಮೊದಲ ಏಟು ಹಾಕಿದರು. ಅತ್ತ ಕಡೆಯಿಂದ ಖಾದರ್ ಸಾಹೇಬರೂ ಒಂದು ಹಾರೆ ಹಿಡಿದರು. ಮಧ್ಯಾಹ್ನದ ಹೊತ್ತಿಗೆ ಎರಡು ಹಾರೆಗಳ ತುದಿ ಒಂದಕ್ಕೊಂದು ತಾಕಿದವು. ನಾಲ್ಕನೇ ದಿನ ಅಲ್ಲಿ ಬಾಗಿಲಿತ್ತು, ಮಂಚ ಸಲೀಸಾಗಿ ಹಾಯುವಷ್ಟು ಅಗಲ.

ಕೊನೆಯ ಎರಡು ಹಾಳೆ ಬರೆದದ್ದು ದೇವೀರಮ್ಮ ಮತ್ತು ಜುಬೇದಾ. ಅವನ್ನು ಅಂಟಿಸಿದ ದಿನ ಊರೇ ಹಾಲಿಗೆ ಬಂತು. ಹೊಟ್ಟೆಪಾಡಿಗೆ ಊರೆಲ್ಲ ಸುತ್ತಿದ ಬಳೆಗಾರರು, ಹಾಲಿನವರು, ಅಂಚೆಯವರು ಕೂಡ ಗೋಡೆಗೊರಗಿ ನೋಡುತ್ತಾ ನಿಂತರು. ಹಿರಿಯರೊಬ್ಬರು ಕೆರೆಯನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಟೀಚರು ಮಕ್ಕಳನ್ನು ಒಬ್ಬೊಬ್ಬರಾಗಿ ನಡುವೆ ನಿಲ್ಲಿಸಿ ಸುತ್ತ ತಿರುಗಿಸಿದರು. ಅದು ಪ್ಯಾನರಾಮಿಕ್. ಐದನೆಯ ಪದ ಮಾತ್ರ ಉಳಿದಿತ್ತು. ಅದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಕೇಳಿದಾಗ ದೇವೀರಮ್ಮ ನೆಲದ ಮೇಲೆ ತನ್ನ ಬೀದಿಯನ್ನು ಹುಡುಕುತ್ತಾ ಹೇಳಿದಳು. "ಪ್ಯಾನರಾಮಿಕ್ ಅಂದ್ರೆ ನಾನು ನಿಂತು ಸುತ್ತ ನೋಡಾದು. ಆಲ್ ಎನ್‌ಕಂಪಾಸಿಂಗ್ ಅಂದ್ರೆ ನಾನೂ ಅದರೊಳಗೇ ಇರಾದು. ಅಗೋ, ನಮ್ಮನೆ ಬಾಗಿಲು. ಬಾಗಿಲಲ್ಲಿ ನನ್ನ ಚಪ್ಲಿ ಬರ್ದಿದೀನಿ." ಪಂಕಜಾಕ್ಷಿ ಟೀಚರು ಆ ಅರ್ಥವನ್ನು ಆಮೇಲೆ ತಿದ್ದಲಿಲ್ಲ.

ಮಾರ್ಚಿನಲ್ಲಿ ಪರೀಕ್ಷೆ ನಡೆಯಿತು. ಆ ಪ್ರಶ್ನೆ ಬಂತು. ನಲವತ್ತೊಂದು ಮಕ್ಕಳೂ ಹೆಚ್ಚುವರಿ ಹಾಳೆ ಕೇಳಿ ಬರೆದರು. ಕೊಠಡಿಯಲ್ಲಿ ಹೆಚ್ಚುವರಿ ಹಾಳೆಯೇ ಮುಗಿದುಹೋಯಿತು. ಆದರೆ ಫಲಿತಾಂಶದ ದಿನ ನಮ್ಮ ಶಾಲೆಯ ಹೆಸರಿನ ಮುಂದೆ ತಡೆಹಿಡಿಯಲಾಗಿದೆ ಎಂದಿತ್ತು. ಸಾಮೂಹಿಕ ನಕಲು ಎಂದು ಅನುಮಾನ. ಎರಡು ವರ್ಷ ಖಾಲಿ ಬಿಟ್ಟ ಪ್ರಶ್ನೆಗೆ ಇದ್ದಕ್ಕಿದ್ದಂತೆ ಎಲ್ಲರೂ ಬರೆದಿದ್ದಾರೆ, ಎಲ್ಲರೂ ಒಂದೇ ಊರನ್ನು ವರ್ಣಿಸಿದ್ದಾರೆ. ತನಿಖೆಗೆ ಅಧಿಕಾರಿಯೊಬ್ಬರು ಬರುತ್ತಾರೆ. ಆರೋಪ ನಿಜವೆಂದಾದರೆ ಹತ್ತನೇ ತರಗತಿಯೂ ಹೋಯಿತು, ಟೀಚರ ಕೆಲಸವೂ ಹೋಯಿತು.

ಬಂದವರು ವೆಂಕೋಬರಾಯರು ಎಂಬ ಬಿಗಿ ಮುಖದ ಮನುಷ್ಯ. ಬಸ್ಸಿಳಿದು ಕಣ್ಣುಜ್ಜಿಕೊಂಡು, ಗೋಡೆ ತಡವಿಕೊಂಡು ಶಾಲೆಗೆ ಬಂದರು. ಮೇಜಿನ ಮೇಲೆ ನಲವತ್ತೊಂದು ಉತ್ತರಪತ್ರಿಕೆಗಳ ಕಟ್ಟು ಇಟ್ಟರು. "ಏನಮ್ಮ, ಈ ಊರಲ್ಲಿ ಪಕ್ಕದ ಬೀದಿ ಕಾಣಿಸಲ್ಲ. ಇವರೆಲ್ಲ ಇಡೀ ಊರು ನೋಡಿದ ಹಾಗೆ ಬರೆದಿದಾರೆ. ಬರೆಸಿಕೊಟ್ಟವರು ಯಾರು?"

"ಅವರೇ ಬರೆದದ್ದು ಸಾರ್. ನೀವು ಓದಿದೀರಾ?"

"ಒಂದೆರಡು ನೋಡಿದೆ."

"ಎಲ್ಲಾ ಓದಿ ಸಾರ್," ಎಂದರು ಟೀಚರು. "ಇವತ್ತು ನಿಮ್ಮ ಬಸ್ಸು ಸಂಜೆಗೆ. ಹೊತ್ತಿದೆ."

ರಾಯರು ಸಿಡುಕಿನಿಂದಲೇ ಓದಲು ಕೂತರು. ಎಂಟು ಹತ್ತು ಪತ್ರಿಕೆ ಆದ ಮೇಲೆ ಕನ್ನಡಕ ಸರಿಮಾಡಿಕೊಂಡರು. ಒಬ್ಬ ಕೆರೆ ಏರಿಯಿಂದ ಶುರು ಮಾಡಿದ್ದ, ಒಬ್ಬಳು ಕುಂಬಾರರ ಆವಿಗೆಯಿಂದ, ಇನ್ನೊಬ್ಬ ಮಸೀದಿಯ ಮೆಟ್ಟಿಲಿನಿಂದ. ಪ್ರತಿಯೊಬ್ಬರೂ ತಮ್ಮ ತಮ್ಮ ಬಾಗಿಲಿನಿಂದ ಹೊರಟಿದ್ದರು. ಇಂಗ್ಲಿಷಿನಲ್ಲಿ ತಪ್ಪುಗಳಿದ್ದವು, ಅವೂ ಬೇರೆ ಬೇರೆ ತಪ್ಪುಗಳು. ಕೊನೆಗೆ ಅವರು ದೇವೀರಮ್ಮನನ್ನು ಕರೆಸಿದರು. "ಪ್ಯಾನರಾಮಿಕ್ ಅಂತ ಬರೆದಿದೀಯಲ್ಲಮ್ಮ, ನೀನು ನೋಡಿದೀಯಾ ಅದನ್ನ?"

"ಓ, ನೋಡಿದೀನಿ ಸಾರ್. ನೀವೂ ಬನ್ನಿ, ಚಪ್ಲಿ ಬಿಟ್ಟು ಬನ್ನಿ."

ಹಾಲಿನ ನಡುವೆ ನಿಂತ ರಾಯರು ಒಂದು ಸುತ್ತು ತಿರುಗಿದರು. ಮತ್ತೊಂದು ಸುತ್ತು ತಿರುಗಿದರು. ಬಿಗಿದ ಮುಖ ಸಡಿಲವಾಯಿತು. ಕೆಳಗೆ ಕೂತು, ಬಸ್ ನಿಲ್ದಾಣದಿಂದ ತಾವು ಬಂದ ದಾರಿಯನ್ನು ಬೆರಳಿನಲ್ಲಿ ಹುಡುಕಿದರು. ಆಮೇಲೆ ಬೆರಳು ಗಾಣದ ಹಿತ್ತಲಿಗೆ ಬಂದು ನಿಂತಿತು. "ಈ ಬಾಗಿಲಿನ ವಿಷಯ ಎಲ್ಲರೂ ಬರೆದಿದಾರೆ. ಇದು ನಿಜವಾಗಿ ಇದೆಯೋ?"

"ನಡೆದೇ ನೋಡಾಣ ಸಾರ್," ಎಂದಳು ಹುಡುಗಿ.

ಮಕ್ಕಳೆಲ್ಲ ಹಿಂದೆ ಹೊರಟರು. ಗಾಣದ ಹತ್ತಿರ ಬರುವಾಗಲೇ ಹಿಂದಿನಿಂದ "ದಾರಿ, ದಾರಿ ಬಿಡಿ!" ಎಂಬ ಕೂಗು ಕೇಳಿತು. ಬಿಳುಪಿನೊಳಗಿಂದ ನಾಲ್ವರು ನೇಕಾರರು ಹೊತ್ತ ಮಂಚ ಹೊರಬಂತು. ಮಂಚದ ಮೇಲೆ ತುಂಬು ಬಸುರಿ, ಹಲ್ಲು ಕಚ್ಚಿಕೊಂಡು ಮಲಗಿದ್ದಳು. ರಾಯರು ಗೋಡೆಗೆ ಬೆನ್ನು ಹಚ್ಚಿ ನಿಂತರು. ಪರ್ವತಪ್ಪ ಹಿತ್ತಲ ಬಾಗಿಲು ತೆರೆದು ಹಿಡಿದಿದ್ದರು. ಮಂಚ ಹಾಯ್ದು ಹೋಯಿತು. ಆ ಕಡೆಯಿಂದ ನರ್ಸಮ್ಮನ ಕೂಗು, ಸ್ಟ್ರೆಚರಿನ ಗಾಲಿ ಸದ್ದು.

ಯಾರಿಗೂ ಅಲ್ಲಿಂದ ಕದಲುವ ಮನಸ್ಸಿರಲಿಲ್ಲ. ಪರ್ವತಪ್ಪನವರ ಮನೆಯಿಂದ ಮಜ್ಜಿಗೆ ಬಂತು. ರಾಯರು ಲೋಟ ಹಿಡಿದುಕೊಂಡು, ಮೊದಲು ಇವರೆಲ್ಲ ಹೇಗೆ ಹೋಗುತ್ತಿದ್ದರು ಎಂದು ಕೇಳಿದರು. ಪರ್ವತಪ್ಪ ಪೇಟೆ, ಸೇತುವೆ, ಏಳು ತಿರುವು ಎಲ್ಲ ಹೇಳಿದರು. ಸೇತುವೆಯ ಮಾತು ಬಂದಾಗ ಪಂಕಜಾಕ್ಷಿ ಟೀಚರು ಬೇರೆ ಕಡೆ ನೋಡಿದರು. ಬಾಗಿಲು ಇಟ್ಟು ಇಷ್ಟು ದಿನವಾದರೂ ಅವರು ಅದರ ಈಚೆಗೇ ನಿಂತಿದ್ದರು, ಒಂದು ಸಲವೂ ದಾಟಿರಲಿಲ್ಲ. ಅದು ನನಗೆ ಮಾತ್ರ ಗೊತ್ತಿತ್ತು.

ಮುಕ್ಕಾಲು ಗಂಟೆಯಾಗಿರಬಹುದು. ಗೋಡೆಯಾಚೆ ಕೂಸು ಅತ್ತಿತು. ದೊಡ್ಡ ದನಿ, ಸಿಟ್ಟಿನ ದನಿ. ನೇಕಾರರ ಹೆಂಗಸರು ಹೆಣ್ಣೋ ಗಂಡೋ ಎಂದು ಗುಸುಗುಸು ಶುರು ಮಾಡಿದರು. ಪಂಕಜಾಕ್ಷಿ ಸೆರಗು ಸಿಕ್ಕಿಸಿಕೊಂಡು, ಯಾರ ಕಡೆಯೂ ನೋಡದೆ ಬಾಗಿಲು ದಾಟಿ ಒಳಗೆ ಹೋಗಿಬಿಟ್ಟರು. ವಾರ್ಡಿನ ಕಿಟಕಿಯ ಹತ್ತಿರ ಅವರ ದನಿ ನಮಗೆಲ್ಲ ಕೇಳಿಸಿತು.

"ಸಿಸ್ಟರ್, ತಾಯಿ ಹೇಗಿದಾಳೆ?"

ಉತ್ತರ ನಮಗೆ ಕೇಳಿಸಲಿಲ್ಲ. ರಾಯರು ಮಜ್ಜಿಗೆ ಲೋಟ ಕೆಳಗಿಟ್ಟು, ಚೀಲದಿಂದ ತನಿಖಾ ವರದಿಯ ಹಾಳೆ ತೆಗೆದು ಗಾಣದ ಕಲ್ಲಿನ ಮೇಲಿಟ್ಟುಕೊಂಡು ಬರೆಯತೊಡಗಿದರು. ನಾನು ಭುಜದ ಮೇಲಿಂದ ಬಗ್ಗಿ ನೋಡಿದೆ. "ಉತ್ತರಗಳು ವಿದ್ಯಾರ್ಥಿಗಳ ಸ್ವಂತದವು. ಫಲಿತಾಂಶವನ್ನು ಕೂಡಲೇ ಪ್ರಕಟಿಸತಕ್ಕದ್ದು. ಸ್ಥಳಕ್ಕೆ ಭೇಟಿ ಕೊಟ್ಟು ಸ್ವತಃ ನೋಡಿದ್ದೇನೆ." ನೋಡಿದ್ದೇನೆ ಎಂಬುದರ ಕೆಳಗೆ ಅವರು ಒಂದು ಗೆರೆ ಎಳೆದರು.

ಅಷ್ಟರಲ್ಲಿ ಪಂಕಜಾಕ್ಷಿ ಬಾಗಿಲಲ್ಲಿ ಕಾಣಿಸಿಕೊಂಡರು. ಕೆನ್ನೆಯೆಲ್ಲ ಒದ್ದೆ, ಅದನ್ನು ಒರೆಸಿಕೊಳ್ಳುವ ಗೊಡವೆಗೂ ಹೋಗಿರಲಿಲ್ಲ. ಎರಡೂ ಕೈಯನ್ನು ಬಾಗಿಲ ಎರಡು ಕಡೆಗೆ ಊರಿ ನಿಂತು, ತರಗತಿಯಲ್ಲಿ ಕೊನೆಯ ಬೆಂಚಿಗೆ ಕೇಳಿಸುವಂತೆ ಮಾತಾಡುವ ಆ ದನಿಯಲ್ಲಿ ಹೇಳಿದರು.

"ಇಬ್ಬರೂ ಚೆನ್ನಾಗಿದಾರೆ."

ನಲವತ್ತೊಂದು ಮಕ್ಕಳ ಕೇಕೆ ಗೋಡೆಯ ಎರಡೂ ಕಡೆ ಒಟ್ಟಿಗೇ ಕೇಳಿಸಿತು.